ನ್ಯುಮೋನಿಯಾದ ಬೆನ್ನು ಹತ್ತಿ ಡಿಎನ್‌ಎ ತಲುಪಿದ ಆಸ್ವಾಲ್ಡ್ ಏವರಿ

ಡಿಎನ್‌ಎ ಕಂಡುಹಿಡಿದವರು ಯಾರು ಎಂದು ಕೇಳಿದರೆ ನಮ್ಮಲ್ಲಿ ಬಹಳಷ್ಟು ಜನ ವಾಟ್ಸನ್ ಮತ್ತು ಕ್ರಿಕ್ ಎಂದು ಥಟ್ಟನೆ ಹೇಳಿಬಿಡುತ್ತೇವೆ. ಆದರೆ ಅದು ಸರಿಯಾದ ಉತ್ತರವಲ್ಲ. ಡಿಎನ್‌ಎಯನ್ನು ಮೊದಲು ಬೇರ್ಪಡಿಸಿದವರು ಸ್ವಿಸ್ ವೈದ್ಯ ಫ್ರೆಡ್ರಿಕ್ ಮೀಶರ್. ಅದು 1869ರ ಮಾತು. ಅದಕ್ಕೆ ಅವರು ಬಳಸಿದ್ದು ಗಾಯದ ಪಟ್ಟಿಗೆ ಅಂಟಿದ್ದ ಕೀವನ್ನು! ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ತಿಳಿಸಿದ್ದು ಆ ವಸ್ತುವಿನ ರಚನೆ ಹೇಗಿದೆ ಎನ್ನುವುದನ್ನು. ಈ ಎರಡು ಘಟನೆಗಳ ನಡುವೆ ಒಂದು ದೊಡ್ಡ ಪ್ರಶ್ನೆ ಉಳಿದಿತ್ತು: ಜೀವಕೋಶದಲ್ಲಿ ಡಿಎನ್‌ಎಗೆ ಏನು ಕೆಲಸ?

ಆ ಪ್ರಶ್ನೆಗೆ ಉತ್ತರ ದೊರೆತದ್ದು ನ್ಯುಮೋನಿಯಾ ರೋಗಿಗಳ ಆಸ್ಪತ್ರೆಯೊಂದರಲ್ಲಿ. ಉತ್ತರ ಹುಡುಕಿದವರು ಒಬ್ಬ ವೈದ್ಯರು, ತಳಿವಿಜ್ಞಾನಿಯಲ್ಲ. ಹೆಸರು ಆಸ್ವಾಲ್ಡ್ ಏವರಿ. ಆ ಉತ್ತರ ಪ್ರಕಟವಾದಾಗ ಅವರಿಗೆ 66 ವರ್ಷ, ಅಂದರೆ ಬೇರೆಯವರು ಪಿಂಚಣಿ ಪಡೆದು ಮನೆಯಲ್ಲಿ ಕೂರುವ ವಯಸ್ಸು.

ಏವರಿ ಹುಟ್ಟಿದ್ದು 1877ರ ಅಕ್ಟೋಬರ್ 21ರಂದು, ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ. ತಂದೆ ಬ್ಯಾಪ್ಟಿಸ್ಟ್ ಪಂಗಡದ ಪಾದ್ರಿ. ಹುಡುಗನಿಗೆ ಹತ್ತು ವರ್ಷವಾಗುವ ಹೊತ್ತಿಗೆ ಕುಟುಂಬ ನ್ಯೂಯಾರ್ಕಿಗೆ ಬಂತು. ಬಡ ವಲಸಿಗರು ಕಿಕ್ಕಿರಿದು ತುಂಬಿದ್ದ ಪ್ರದೇಶದ ಚರ್ಚೊಂದನ್ನು ನೋಡಿಕೊಳ್ಳುವುದು ತಂದೆಯ ಕೆಲಸ. ಆಸ್ವಾಲ್ಡ್ ಮತ್ತು ಅಣ್ಣ ಅರ್ನೆಸ್ಟ್ ಇಬ್ಬರೂ ಕಾರ್ನೆಟ್ ಎಂಬ ಊದುವ ವಾದ್ಯ ಕಲಿತು, ಭಾನುವಾರಗಳಂದು ಚರ್ಚಿನ ಮೆಟ್ಟಿಲ ಮೇಲೆ ನಿಂತು ನುಡಿಸಿ ಜನರನ್ನು ಒಳಕ್ಕೆ ಕರೆಯುತ್ತಿದ್ದರು. 1892ರಲ್ಲಿ ಅದೇ ಅಣ್ಣ ತೀರಿಕೊಂಡ. ಅದೇ ವರ್ಷ ತಂದೆಯೂ ಹೋದರು. ಹದಿನೈದರ ಹುಡುಗನ ಹೆಗಲಿಗೆ ತಾಯಿ ಮತ್ತು ಏಳು ವರ್ಷದ ತಮ್ಮ ರಾಯ್‌ನ ಹೊಣೆ ಬಿತ್ತು. ಈ ತಮ್ಮನ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಕೋಲ್ಗೇಟ್ ವಿಶ್ವವಿದ್ಯಾಲಯದಲ್ಲಿ ಏವರಿ ಓದಿದ್ದು ಸಾಹಿತ್ಯ, ತತ್ವಶಾಸ್ತ್ರ, ಭಾಷಣಕಲೆಯಂಥ ಮಾನವಿಕ ವಿಷಯಗಳನ್ನು. ಕಾಲೇಜಿನ ಬ್ಯಾಂಡಿಗೆ ಅವರೇ ನಾಯಕ, ಭಾಷಣದಲ್ಲಿ ಒಳ್ಳೆಯ ಅಂಕ. 1900ರಲ್ಲಿ ಪದವಿ ಮುಗಿಸಿದ ಮೇಲೆ ಅವರು ಇದ್ದಕ್ಕಿದ್ದಂತೆ ವೈದ್ಯಕೀಯಕ್ಕೆ ಸೇರಿ, 1904ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಎಂಡಿ ಆಗಿ ಹೊರಬಂದರು. ಕೆಲಕಾಲ ರೋಗಿಗಳನ್ನು ನೋಡಿದರು. ಆದರೆ ಎದೆಯ ಕಾಯಿಲೆ ಹೊತ್ತು ಬರುವವರಿಗೆ ಆಗ ವೈದ್ಯರ ಬಳಿ ಕೊಡಲು ಏನಿತ್ತು? ಜ್ವರ ಇಳಿಸುವ ಒಂದೆರಡು ಔಷಧಿ, ನಾಲ್ಕು ಸಮಾಧಾನದ ಮಾತು. ಏವರಿಗೆ ಇದು ಸಹಿಸಲಾಗಲಿಲ್ಲ. 1907ರಲ್ಲಿ ಬ್ರೂಕ್ಲಿನ್ನಿನ ಹೋಗ್ಲೆಂಡ್ ಪ್ರಯೋಗಾಲಯ ಸೇರಿದರು. ಅಲ್ಲಿ ಶುರುವಿನಲ್ಲಿ ಕೈಗೆತ್ತಿಕೊಂಡದ್ದು ಹಾಲನ್ನು ಮೊಸರಾಗಿಸುವ ಬ್ಯಾಕ್ಟೀರಿಯಾಗಳ ಅಧ್ಯಯನವನ್ನು!

ಅಲ್ಲಿದ್ದಾಗ ಅವರು ಬರೆದ ಕ್ಷಯರೋಗದ ಪ್ರಬಂಧವೊಂದು ರಾಕ್‌ಫೆಲ್ಲರ್ ಸಂಸ್ಥೆಯ ಆಸ್ಪತ್ರೆಯ ಮುಖ್ಯಸ್ಥ ರೂಫಸ್ ಕೋಲ್ ಅವರ ಕಣ್ಣಿಗೆ ಬಿತ್ತು. ಕೋಲ್ ಪತ್ರ ಬರೆದು ಕೆಲಸಕ್ಕೆ ಕರೆದರು. ಉತ್ತರವಿಲ್ಲ. ಮತ್ತೆ ಬರೆದರು, ಆಗಲೂ ಉತ್ತರವಿಲ್ಲ. ಕೊನೆಗೆ ಕೋಲ್ ತಾವೇ ಬ್ರೂಕ್ಲಿನ್ನಿಗೆ ಹೋಗಿ ಕೇಳಬೇಕಾಯಿತು. ಇದು ಕೊಬ್ಬಿನಿಂದ ಮಾಡಿದ್ದಲ್ಲ. ಪತ್ರಕ್ಕೆ ಉತ್ತರಿಸುವುದು, ಸಭೆಗಳಿಗೆ ಹೋಗುವುದು, ಪ್ರವಾಸ ಮಾಡುವುದು ಇವೆಲ್ಲ ಕೈಲಿರುವ ಪ್ರಯೋಗದಿಂದ ಗಮನ ಕದಿಯುತ್ತವೆ ಎನ್ನುವುದು ಅವರ ಜೀವಮಾನದ ನಿಲುವಾಗಿತ್ತು. ಭಾಷಣದಲ್ಲಿ ಪಳಗಿದ್ದ ಮನುಷ್ಯ ಹೀಗೇಕಾದರು ಎಂದು, ಸಂವಹನವನ್ನೇ ಓದಿದ ನನಗೆ ಆಗಾಗ ಅನ್ನಿಸುವುದುಂಟು. ಅದಕ್ಕೆ ಅವರು ತೆತ್ತ ಬೆಲೆಯನ್ನು ಮುಂದೆ ನೋಡೋಣ.

1913ರಲ್ಲಿ ಏವರಿ ರಾಕ್‌ಫೆಲ್ಲರ್ ಸೇರಿದರು. ಮುಂದಿನ 35 ವರ್ಷ ಅವರ ಲೋಕವೆಲ್ಲ ಆ ಕಟ್ಟಡ, ಸಹೋದ್ಯೋಗಿ ಅಲ್ಫಾನ್ಸ್ ಡೋಷೆ ಜತೆ ಹಂಚಿಕೊಂಡ ಒಂದು ಬಾಡಿಗೆ ಮನೆ ಮತ್ತು ಬೇಸಿಗೆ ರಜೆಯಲ್ಲಿ ಮೇನ್ ರಾಜ್ಯದ ಡೀರ್ ಐಲ್ ದ್ವೀಪದಲ್ಲಿ ದೋಣಿಯಾನ. ಮದುವೆಯಾಗಲಿಲ್ಲ. ಸಣ್ಣ ಆಳು, ತೆಳ್ಳನೆಯ ಮೈಕಟ್ಟು, ಮೆಲುದನಿ. ಜತೆಗಿದ್ದವರೆಲ್ಲ ಅವರನ್ನು ಫೆಸ್ ಎಂದೇ ಕರೆಯುತ್ತಿದ್ದರು. ಅದು ಪ್ರೊಫೆಸರ್ ಎಂಬುದರ ಮೊಟಕು ರೂಪ.

ಸಕ್ಕರೆಯ ಕೋಟು

ಆ ಕಾಲದ ನ್ಯುಮೋನಿಯಾ ಎಂದರೆ ಎಷ್ಟು ಭಯ ಇತ್ತು ಎನ್ನುವುದನ್ನು ಆಂಟಿಬಯಾಟಿಕ್ ಕಾಲದಲ್ಲಿ ಹುಟ್ಟಿದ ನಾವು ಊಹಿಸುವುದು ಕಷ್ಟ. ಮಳೆಯಲ್ಲಿ ನೆನೆದರೆ ನ್ಯುಮೋನಿಯಾ ಬರುತ್ತದೆ ಎಂದು ಅಜ್ಜಿಯರು ಈಗಲೂ ಗದರುವುದುಂಟು. ಮಳೆನೀರಿನಿಂದ ನ್ಯುಮೋನಿಯಾ ಬರುವುದಿಲ್ಲ, ಆದರೆ ಆ ಗದರಿಕೆಯ ಹಿಂದಿನ ಹೆದರಿಕೆ ಮಾತ್ರ ನಿಜವಾದದ್ದು. ಆ ಬಗೆಯ ನ್ಯುಮೋನಿಯಾಕ್ಕೆ ಮುಖ್ಯ ಕಾರಣ ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾ. ಸೂಕ್ಷ್ಮದರ್ಶಕದಲ್ಲಿ ಜೋಡಿ ಜೋಡಿಯಾಗಿ ಕಾಣಿಸುತ್ತದೆ. ಇದರಲ್ಲೂ ಹಲವು ವಿಧ, ಈಗ ಗೊತ್ತಿರುವುದು ನೂರಕ್ಕೂ ಹೆಚ್ಚು ಬಗೆ. ಒಂದು ವಿಧದ ವಿರುದ್ಧ ಕುದುರೆಯ ರಕ್ತದಿಂದ ತಯಾರಿಸಿದ ಸೀರಂ ಇನ್ನೊಂದು ವಿಧಕ್ಕೆ ಕೆಲಸ ಮಾಡುತ್ತಿರಲಿಲ್ಲ. ಹಾಗಾಗಿ ರೋಗಿಗೆ ಬಂದಿರುವುದು ಯಾವ ವಿಧ ಎಂದು ಮೊದಲು ಪತ್ತೆಮಾಡಬೇಕಿತ್ತು. ರಾಕ್‌ಫೆಲ್ಲರ್ ಆಸ್ಪತ್ರೆ ಆ ಕೆಲಸದಲ್ಲಿ ಹೆಸರುವಾಸಿಯಾಗಿತ್ತು.

ವಿಧ ವಿಧ ಎನ್ನುತ್ತೇವಲ್ಲ, ಆ ವ್ಯತ್ಯಾಸ ಇರುವುದು ಬ್ಯಾಕ್ಟೀರಿಯಾದ ಯಾವ ಭಾಗದಲ್ಲಿ? 1917ರಲ್ಲಿ ಡೋಷೆ ಮತ್ತು ಏವರಿ ರೋಗಿಗಳ ರಕ್ತ ಹಾಗೂ ಮೂತ್ರದಲ್ಲಿ ಕರಗಿರುವ ಒಂದು ವಸ್ತುವನ್ನು ಗುರುತಿಸಿದರು. ಅದರಿಂದಲೇ ವಿಧವನ್ನು ಹೇಳಬಹುದಿತ್ತು. ಆ ವಸ್ತು ಬ್ಯಾಕ್ಟೀರಿಯಾದ ಹೊರಗೋಡೆಯ ಸುತ್ತ ಇರುವ ಲೋಳೆಯಂಥ ಕವಚದ್ದು. 1923ರಲ್ಲಿ ರಸಾಯನಶಾಸ್ತ್ರಜ್ಞ ಮೈಕೆಲ್ ಹೈಡೆಲ್‌ಬರ್ಗರ್ ಜತೆ ಸೇರಿ ಏವರಿ ತೋರಿಸಿದ್ದು, ಆ ಕವಚ ಪ್ರೋಟೀನಿನದಲ್ಲ, ಸಕ್ಕರೆಯ ಅಣುಗಳು ಸರಪಳಿಯಾಗಿ ಪೋಣಿಸಿಕೊಂಡ ಪಾಲಿಸ್ಯಾಕರೈಡ್‌ನದು ಎಂದು. ದೇಹದ ರೋಗನಿರೋಧಕ ವ್ಯವಸ್ಥೆ ಗುರುತಿಸುವುದು ಪ್ರೋಟೀನುಗಳನ್ನು ಮಾತ್ರ ಎಂದು ಗಟ್ಟಿಯಾಗಿ ನಂಬಿದ್ದ ಕಾಲ ಅದು. ಅನೇಕರು ಒಪ್ಪಲಿಲ್ಲ. ಸಕ್ಕರೆಯ ಮಾದರಿಯಲ್ಲಿ ಎಲ್ಲೋ ಚೂರು ಪ್ರೋಟೀನು ಉಳಿದುಕೊಂಡಿರಬೇಕು ಎಂದು ವಾದಿಸಿದರು. ಇದೇ ಆಕ್ಷೇಪ ಇಪ್ಪತ್ತು ವರ್ಷದ ನಂತರ ಇನ್ನೂ ದೊಡ್ಡ ಪ್ರಮಾಣದಲ್ಲಿ ಏವರಿಯವರನ್ನು ಕಾಡಿತು.

ಈ ಸಕ್ಕರೆಯ ಕೋಟು ಏಕೆ ಮುಖ್ಯ? ಕೋಟು ತೊಟ್ಟ ನ್ಯುಮೋಕಾಕಸ್ ನಮ್ಮ ಬಿಳಿ ರಕ್ತಕಣಗಳ ಹಿಡಿತಕ್ಕೆ ಸಿಗದೆ ಜಾರಿಕೊಳ್ಳುತ್ತದೆ. ಕೋಟು ಕಳೆದುಕೊಂಡದ್ದು ಸುಲಭವಾಗಿ ಸಿಕ್ಕಿಬೀಳುತ್ತದೆ. ಏವರಿಯ ಪ್ರಯೋಗಾಲಯಕ್ಕೆ ಬಂದ ಫ್ರೆಂಚ್ ಯುವಕ ರೆನೆ ಡ್ಯೂಬೋಸ್ 1930ರ ಹೊತ್ತಿಗೆ ಕ್ರಾನ್‌ಬೆರಿ ಬೆಳೆಯುವ ಜೌಗುನೆಲದ ಮಣ್ಣಿನಿಂದ ಒಂದು ಬ್ಯಾಕ್ಟೀರಿಯಾ ಹುಡುಕಿದರು. ಅದರ ಕಿಣ್ವ ಮೂರನೆಯ ವಿಧದ ನ್ಯುಮೋಕಾಕಸ್‌ನ ಕೋಟನ್ನು ಕರಗಿಸಿಬಿಡುತ್ತಿತ್ತು. ಆ ಕಿಣ್ವ ಕೊಟ್ಟ ಇಲಿಗಳು ಬದುಕುಳಿದವು.

ಇನ್ನೊಂದು ಕೆಲಸ ನೇರವಾಗಿ ನಮ್ಮ ಮನೆಯ ಮಕ್ಕಳಿಗೆ ಸಂಬಂಧಿಸಿದ್ದು. ಸಕ್ಕರೆಯ ಕೋಟನ್ನು ಒಂಟಿಯಾಗಿ ಚುಚ್ಚಿದರೆ ಮೊಲಗಳಲ್ಲಿ ಸರಿಯಾದ ಪ್ರತಿಕಾಯ ಹುಟ್ಟುತ್ತಿರಲಿಲ್ಲ. ಏವರಿ ಮತ್ತು ವಾಲ್ಟರ್ ಗೋಬೆಲ್ ಆ ಸಕ್ಕರೆಯನ್ನು ಒಂದು ಪ್ರೋಟೀನಿಗೆ ರಾಸಾಯನಿಕವಾಗಿ ಬೆಸೆದರು. ಆಗ ಮೊಲಗಳಿಗೆ ರಕ್ಷಣೆ ದೊರೆಯಿತು. 1931ರಲ್ಲಿ ಪ್ರಕಟವಾದ ಈ ಉಪಾಯವೇ ಇಂದಿನ ಕಾಂಜುಗೇಟ್ ಲಸಿಕೆಗಳ ಮೂಲ. ಭಾರತದಲ್ಲಿ 2017ರಿಂದ ಹಂತಹಂತವಾಗಿ, 2021ರಿಂದ ದೇಶದಾದ್ಯಂತ, ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಶಿಶುಗಳಿಗೆ ಕೊಡುತ್ತಿರುವ ಪಿಸಿವಿ ಇದೇ ಬಗೆಯದು. ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳಿಗೆ ಹಾಕಿಸುತ್ತೀರಲ್ಲ, ಅದೇ. ಲಸಿಕೆ ನಮ್ಮ ಡಿಎನ್‌ಎ ಬದಲಿಸುತ್ತದೆ ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ಪಿಸಿವಿ ವಿಷಯದಲ್ಲಿ ಅದಕ್ಕೆ ಉತ್ತರ ಸರಳ: ಸಕ್ಕರೆ ಮತ್ತು ಪ್ರೋಟೀನಿನ ಜೋಡಿ ಅದು, ಡಿಎನ್‌ಎಯಲ್ಲಿ ಏನನ್ನೂ ಬರೆಯಲಾರದು.

ವರದಿಯಲ್ಲಿ ಬರುವ ಸಿಆರ್‌ಪಿ

ಏವರಿಯ ವಿಭಾಗದಿಂದ ಹೊರಬಂದ ಇನ್ನೊಂದು ಸಂಗತಿ ಕೋವಿಡ್ ಸಮಯದಲ್ಲಿ ನಮ್ಮೆಲ್ಲರ ಬಾಯಲ್ಲೂ ಇತ್ತು. 1930ರಲ್ಲಿ ಅಲ್ಲಿನ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಒಂದು ವಿಚಿತ್ರ ಗಮನಿಸಿದರು. ನ್ಯುಮೋಕಾಕಸ್‌ನಿಂದ ತೆಗೆದ ಸಿ ಎಂಬ ಅಂಶವನ್ನು ಜ್ವರದ ತುರೀಯ ಸ್ಥಿತಿಯಲ್ಲಿರುವ ರೋಗಿಯ ಸೀರಂಗೆ ಬೆರೆಸಿದರೆ ಒಡೆದ ಹಾಲಿನಂತೆ ಗರಣೆ ಕಟ್ಟುತ್ತಿತ್ತು. ರೋಗಿ ಗುಣವಾದ ಮೇಲೆ ಅದೇ ಪರೀಕ್ಷೆ ಮಾಡಿದರೆ ಏನೂ ಆಗುತ್ತಿರಲಿಲ್ಲ. ಪ್ರತಿಕಾಯವಾಗಿದ್ದರೆ ಗುಣವಾಗುತ್ತ ಬಂದಂತೆ ಹೆಚ್ಚಬೇಕಿತ್ತು, ಇದು ಮಾಯವಾಗುತ್ತಿತ್ತು. 1941ರಲ್ಲಿ ಏವರಿ, ಥಿಯೋಡರ್ ಅಬರ್ನೆಥಿ ಹಾಗೂ ಕಾಲಿನ್ ಮೆಕ್ಲಿಯಡ್ ಜತೆಗೂಡಿ ಬರೆದ ಪ್ರಬಂಧಗಳಲ್ಲಿ, ಇದು ಕಾಯಿಲೆ ತೀವ್ರವಾಗಿರುವಾಗ ಮಾತ್ರ ಕಾಣಿಸಿಕೊಳ್ಳುವ, ಕ್ಯಾಲ್ಸಿಯಂ ಇದ್ದರೆ ಮಾತ್ರ ಕೆಲಸ ಮಾಡುವ ಪ್ರೋಟೀನು ಎಂದು ವಿವರಿಸಿದರು. ಸಿ ರಿಯಾಕ್ಟಿವ್ ಪ್ರೋಟೀನ್, ಅಂದರೆ ಸಿಆರ್‌ಪಿ.

ಕಾಯಿಲೆ ಬಂದಾಗ ಎಲ್ಲಿಂದ ಬರುತ್ತದೆ, ವಾಸಿಯಾದಾಗ ಎಲ್ಲಿಗೆ ಹೋಗುತ್ತದೆ? ಏವರಿಯ ಕಾಲದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಈಗ ಇದೆ, ಮತ್ತು ಅದು ಬಹಳ ಸೊಗಸಾಗಿದೆ. ಸ್ವಲ್ಪ ನಿಧಾನವಾಗಿ ನೋಡೋಣ.

ನಮ್ಮ ಪ್ರತಿ ಜೀವಕೋಶದಲ್ಲೂ ಹೆಚ್ಚುಕಡಿಮೆ ಒಂದೇ ಡಿಎನ್‌ಎ ಇದೆ. ಶ್ವಾಸಕೋಶದ ಕೋಶಕ್ಕೂ ಯಕೃತ್ತಿನ ಕೋಶಕ್ಕೂ ಇರುವ ವ್ಯತ್ಯಾಸ, ಯಾವ ಜೀನುಗಳನ್ನು ಓದಲಾಗುತ್ತಿದೆ, ಯಾವುದನ್ನು ಮುಚ್ಚಿಡಲಾಗಿದೆ ಎನ್ನುವುದರಲ್ಲಿ. ಎರಡು ಮೀಟರಿನಷ್ಟು ಉದ್ದದ ಡಿಎನ್‌ಎ ಎಳೆ ಹಿಸ್ಟೋನ್ ಎಂಬ ಪ್ರೋಟೀನುಗಳ ಮೇಲೆ, ರೀಲಿಗೆ ದಾರ ಸುತ್ತಿದ ಹಾಗೆ ಸುತ್ತಿಕೊಂಡಿರುತ್ತದೆ. ಬಿಗಿಯಾಗಿ ಸುತ್ತಿದ ಕಡೆ ಜೀನು ಓದಲು ಸಿಗುವುದಿಲ್ಲ, ಸಡಿಲವಾದ ಕಡೆ ಸಿಗುತ್ತದೆ. ಹಿಸ್ಟೋನ್‌ಗಳಿಗೆ ಅಂಟುವ ಸಣ್ಣ ರಾಸಾಯನಿಕ ಗುರುತುಗಳು ಈ ಬಿಗಿ-ಸಡಿಲವನ್ನು ತೀರ್ಮಾನಿಸುವುದರಲ್ಲಿ ಪಾಲು ಪಡೆಯುತ್ತವೆ.

ಈಗ ನ್ಯುಮೋಕಾಕಸ್ ಶ್ವಾಸಕೋಶದ ಗಾಳಿಚೀಲಕ್ಕೆ ಇಳಿಯಿತು ಎಂದುಕೊಳ್ಳಿ. ಅಲ್ಲಿನ ಕಾವಲುಕೋಶಗಳ ಮೈಮೇಲಿರುವ ಗ್ರಾಹಕಗಳು ಬ್ಯಾಕ್ಟೀರಿಯಾದ ಗೋಡೆಯ ತುಣುಕುಗಳನ್ನು ಗುರುತಿಸುತ್ತವೆ. ಕೋಶದ ಒಳಗೆ ಎನ್‌ಎಫ್ ಕಪ್ಪಾ ಬಿ ಎಂಬ ಪ್ರೋಟೀನನ್ನು ಇನ್ನೊಂದು ಪ್ರೋಟೀನು ಕಟ್ಟಿಹಾಕಿಟ್ಟಿರುತ್ತದೆ. ಸುದ್ದಿ ತಲುಪಿದೊಡನೆ ಆ ಕಟ್ಟು ಕಳಚಿ, ಕೆಲವೇ ನಿಮಿಷಗಳಲ್ಲಿ ಅದು ಕೋಶಕೇಂದ್ರದೊಳಕ್ಕೆ ನುಗ್ಗುತ್ತದೆ. ಉರಿಯೂತಕ್ಕೆ ಸಂಬಂಧಿಸಿದ ಜೀನುಗಳು ಒಂದಾದಮೇಲೊಂದು ತೆರೆದುಕೊಳ್ಳುತ್ತವೆ. ಅವುಗಳಲ್ಲೊಂದರಿಂದ ತಯಾರಾಗುವ ಐಎಲ್-6 ಎಂಬ ಸಂದೇಶವಾಹಕ ರಕ್ತದಲ್ಲಿ ಹರಿದು ಯಕೃತ್ತನ್ನು ಮುಟ್ಟುತ್ತದೆ. ಯಕೃತ್ತಿನ ಕೋಶದಲ್ಲಿ ಸ್ಟ್ಯಾಟ್-3 ಎಂಬ ಇನ್ನೊಂದು ಪ್ರೋಟೀನು ಎಚ್ಚೆತ್ತು, ಮತ್ತೆ ಕೆಲವು ಪ್ರೋಟೀನುಗಳ ನೆರವಿನಿಂದ ಸಿಆರ್‌ಪಿಯ ಜೀನನ್ನು ಜೋರಾಗಿ ಓದಿಸುತ್ತದೆ. ಬ್ಯಾಕ್ಟೀರಿಯಾ ಇರುವುದು ಎದೆಯಲ್ಲಿ, ಜೀನು ತೆರೆಯುವುದು ಹೊಟ್ಟೆಯ ಬಲಭಾಗದಲ್ಲಿ! ಮಾಮೂಲಿ ದಿನಗಳಲ್ಲಿ ಒಂದು ಲೀಟರ್ ರಕ್ತದ್ರವದಲ್ಲಿ ಕೆಲವೇ ಮಿಲಿಗ್ರಾಂ ಇರುವ ಸಿಆರ್‌ಪಿ, ಎರಡು ದಿನದಲ್ಲಿ ನೂರಾರು ಮಿಲಿಗ್ರಾಂಗೆ ಏರಬಲ್ಲದು. ಸೋಂಕು ತಗ್ಗಿ ಆದೇಶ ನಿಂತಾಗ, ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕರ್ಧ ಇಳಿಯುತ್ತ ಬರುತ್ತದೆ. ಟಿಲೆಟ್ ಮತ್ತು ಫ್ರಾನ್ಸಿಸ್ ನೋಡಿದ ಗರಣೆ ಮಾಯವಾದದ್ದು ಇದೇ ಕಾರಣಕ್ಕೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕು. ಸಿಆರ್‌ಪಿ ಹೆಚ್ಚಿದೆ ಎಂದರೆ ಬ್ಯಾಕ್ಟೀರಿಯಾ ಸೋಂಕೇ ಆಗಿದೆ, ಆಂಟಿಬಯಾಟಿಕ್ ಬೇಕೇ ಬೇಕು ಎಂದು ಅನೇಕರು ತೀರ್ಮಾನಿಸಿಬಿಡುತ್ತಾರೆ. ಕೋವಿಡ್ ಬರುವುದು ವೈರಸ್‌ನಿಂದ, ಅಲ್ಲಿಯೂ ಅದು ಏರಿತ್ತು. ಪೆಟ್ಟು, ಶಸ್ತ್ರಚಿಕಿತ್ಸೆ, ಕೆಲವು ಬಗೆಯ ಸಂಧಿವಾತಗಳಲ್ಲೂ ಏರುತ್ತದೆ. ಯಕೃತ್ತಿಗೆ ತಲುಪುವುದು ಎಲ್ಲೋ ಬೆಂಕಿ ಬಿದ್ದಿದೆ ಎಂಬ ಕೂಗಷ್ಟೇ, ಬೆಂಕಿ ಹಚ್ಚಿದವರ ಹೆಸರಲ್ಲ. ಹೆಸರು ಹುಡುಕುವುದು ವೈದ್ಯರ ಕೆಲಸ.

ಬ್ಯಾಕ್ಟೀರಿಯಾಗಳೂ ಸುಮ್ಮನೆ ಕೂರುವುದಿಲ್ಲ. ಈ ಜೀನು ತೆರೆಯುವ ವ್ಯವಸ್ಥೆಗೇ ಕೈಹಾಕುವ ಕೆಲವು ಇವೆ. ನ್ಯುಮೋಕಾಕಸ್ ಸ್ರವಿಸುವ ನ್ಯುಮೊಲೈಸಿನ್ ಎಂಬ ವಿಷ ನಮ್ಮ ಕೋಶದ ಹಿಸ್ಟೋನ್ ಮೇಲಿನ ಒಂದು ಫಾಸ್ಫೇಟ್ ಗುರುತನ್ನು ಅಳಿಸುವಂತೆ ಮಾಡುತ್ತದೆ ಎಂದು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು 2007ರಲ್ಲಿ ತೋರಿಸಿದರು. ನ್ಯುಮೋನಿಯಾ ತರುವ ಇನ್ನೊಂದು ಬ್ಯಾಕ್ಟೀರಿಯಾ ಲೀಜಿಯೊನೆಲ್ಲಾ, ತನ್ನದೇ ಕಿಣ್ವವೊಂದನ್ನು ನಮ್ಮ ಕೋಶಕೇಂದ್ರದೊಳಕ್ಕೆ ಕಳಿಸಿ ಹಿಸ್ಟೋನ್ ಮೇಲೆ ಮೀಥೈಲ್ ಗುರುತು ಹಚ್ಚಿಸಿ, ರಕ್ಷಣೆಗೆ ಬೇಕಾದ ಜೀನುಗಳನ್ನು ಅದುಮುತ್ತದೆ. ಕ್ಷಯದ ಬ್ಯಾಕ್ಟೀರಿಯಾವೂ ಇಂಥ ಕಿಣ್ವವೊಂದನ್ನು ಬಳಸುತ್ತದೆ ಎಂಬುದನ್ನು 2015ರಲ್ಲಿ ಪ್ರಕಟಿಸಿದವರು ನಮ್ಮ ಪಕ್ಕದ ಹೈದರಾಬಾದಿನ ಸಿಡಿಎಫ್‌ಡಿ ಸಂಸ್ಥೆಯ ವಿಜ್ಞಾನಿಗಳು. ಇವುಗಳಲ್ಲಿ ಯಾವುದೂ ನಮ್ಮ ಡಿಎನ್‌ಎಯ ಅಕ್ಷರಗಳನ್ನು ತಿದ್ದುವುದಿಲ್ಲ. ಓದುವ ಪುಟಗಳನ್ನು ಮಾತ್ರ ಬದಲಿಸುತ್ತವೆ. ಅಕ್ಷರಗಳೇ ಬದಲಾಗುವ ಘಟನೆ ಬೇರೆಯದು, ಅದನ್ನು ಕಾಣಲು ಮತ್ತೆ ಏವರಿಯ ಪ್ರಯೋಗಾಲಯಕ್ಕೇ ಹೋಗಬೇಕು.

ಸತ್ತ ಬ್ಯಾಕ್ಟೀರಿಯಾ ಬಿಟ್ಟುಹೋದ ಗುಣ

1928ರಲ್ಲಿ ಲಂಡನ್ನಿನ ಫ್ರೆಡ್ ಗ್ರಿಫಿತ್ ಎಂಬ ವೈದ್ಯಾಧಿಕಾರಿ ಒಂದು ಪ್ರಯೋಗ ಪ್ರಕಟಿಸಿದರು. ಕೋಟಿಲ್ಲದ, ನಿರುಪದ್ರವಿಯಾದ ಜೀವಂತ ನ್ಯುಮೋಕಾಕಸ್‌ಗಳ ಜತೆ, ಕಾಯಿಸಿ ಕೊಂದ ಕೋಟುಳ್ಳ ನ್ಯುಮೋಕಾಕಸ್‌ಗಳನ್ನು ಸೇರಿಸಿ ಇಲಿಗಳಿಗೆ ಚುಚ್ಚಿದಾಗ ಇಲಿಗಳು ಸತ್ತವು. ಅವುಗಳ ರಕ್ತದಲ್ಲಿ ಇದ್ದದ್ದು ಕೋಟು ತೊಟ್ಟ ಜೀವಂತ ಬ್ಯಾಕ್ಟೀರಿಯಾ. ಅವುಗಳ ಮರಿಗಳೂ ಕೋಟು ತೊಟ್ಟೇ ಹುಟ್ಟುತ್ತಿದ್ದವು. ಸತ್ತದ್ದು ಬದುಕಿದ್ದಕ್ಕೆ ತನ್ನ ಗುಣವನ್ನು ದಾಟಿಸಿತ್ತು.

ಏವರಿ ಇದನ್ನು ನಂಬಲಿಲ್ಲ. ವಿಧಗಳು ಸ್ಥಿರ, ಒಂದು ಇನ್ನೊಂದಾಗದು ಎನ್ನುವುದರ ಮೇಲೆ ಅವರ ಹದಿನೈದು ವರ್ಷದ ಕೆಲಸ ನಿಂತಿತ್ತಲ್ಲ! ಆದರೆ ಅವರ ಜತೆಗಾರ ಮಾರ್ಟಿನ್ ಡಾಸನ್ ಪ್ರಯೋಗ ಮಾಡಿ ನೋಡಿದರು, ಗ್ರಿಫಿತ್ ಹೇಳಿದ್ದು ಸರಿಯಾಗಿತ್ತು. 1931ರಲ್ಲಿ ಡಾಸನ್ ಮತ್ತು ರಿಚರ್ಡ್ ಸಿಯಾ ಇಲಿಯ ಹಂಗಿಲ್ಲದೆ ಗಾಜಿನ ನಳಿಕೆಯಲ್ಲೇ ಇದನ್ನು ಸಾಧಿಸಿದರು. ಮರುವರ್ಷ ಲಯೊನೆಲ್ ಆಲೋವೇ, ಸತ್ತ ಕೋಶಗಳೇ ಬೇಡ, ಅವುಗಳಿಂದ ಸೋಸಿದ ರಸ ಸಾಕು ಎಂದು ತೋರಿಸಿದರು. ಆ ರಸದಲ್ಲಿ ಏನೋ ಒಂದು ವಸ್ತು ಇದೆ. ಯಾವುದು?

ಈ ನಡುವೆ ಏವರಿಗೆ ಥೈರಾಯ್ಡ್ ಗ್ರಂಥಿಯ ಗ್ರೇವ್ಸ್ ಕಾಯಿಲೆ ಬಂದು, ಶಸ್ತ್ರಚಿಕಿತ್ಸೆಯಾಗಿ, ಕೆಲಕಾಲ ಕೆಲಸ ಕುಂಟಿತು. ಇನ್ನೊಂದು ಕಡೆ, ಸಲ್ಫಾ ಔಷಧಿಗಳು ಬಂದವು, ಹಿಂದೆಯೇ ಪೆನಿಸಿಲಿನ್. ರೋಗಿಗೆ ಯಾವ ವಿಧದ ನ್ಯುಮೋಕಾಕಸ್ ತಗಲಿದೆ ಎಂದು ಪತ್ತೆಹಚ್ಚುವ ಅಗತ್ಯವೇ ತಪ್ಪಿತು. ಏವರಿಯ ಜೀವಮಾನದ ವಿದ್ಯೆ ವಾರ್ಡಿನಲ್ಲಿ ಬೇಡವಾಯಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದರೇನೋ. ಏವರಿ ಆ ವಸ್ತು ಏನು ಎಂಬ ಪ್ರಶ್ನೆಯನ್ನು ಬಿಡಲಿಲ್ಲ. 1940ರಿಂದ ಮೆಕ್ಲಿಯಡ್ ಜತೆ, 1941ರಿಂದ ಮ್ಯಾಕ್ಲಿನ್ ಮೆಕಾರ್ಟಿ ಜತೆ ಅದರ ಬೆನ್ನು ಬಿದ್ದರು. ಅದೇ 1941ರಲ್ಲಿ ಗ್ರಿಫಿತ್ ಲಂಡನ್ನಿನ ಮೇಲಿನ ಬಾಂಬ್ ದಾಳಿಗೆ ಬಲಿಯಾದರು. ತಾವು ಎತ್ತಿದ ಪ್ರಶ್ನೆಗೆ ದೊರೆತ ಉತ್ತರವನ್ನು ಅವರು ಕಾಣಲಿಲ್ಲ.

ಕೆಲಸ ಹೇಗಿತ್ತು ಎಂದು ಸ್ವಲ್ಪ ಊಹಿಸಿಕೊಳ್ಳಿ. ಮಾಂಸದ ಸಾರಿನಲ್ಲಿ 75 ಲೀಟರಿನವರೆಗೆ ನ್ಯುಮೋಕಾಕಸ್ ಬೆಳೆಸಬೇಕು. ಅಷ್ಟನ್ನು ಹಾಲಿನಿಂದ ಕೆನೆ ತೆಗೆಯುವ ಯಂತ್ರದಂಥ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಬ್ಯಾಕ್ಟೀರಿಯಾ ಬೇರ್ಪಡಿಸಬೇಕು. ಯಂತ್ರ ತಿರುಗುವಾಗ ಜೀವಂತ ರೋಗಾಣುಗಳು ಗಾಳಿಗೆ ತೂರಿಬರುವ ಅಪಾಯ ಇದ್ದದ್ದರಿಂದ ಅದನ್ನು ಮುಚ್ಚಿದ ಗೂಡಿನೊಳಗೆ ಇಟ್ಟಿದ್ದರು. ನಂತರ ಕಾಯಿಸಿ ಕೊಂದು, ರಸ ತೆಗೆದು, ಪ್ರೋಟೀನು ಕಳೆದು, ಸಕ್ಕರೆಯ ಕವಚವನ್ನು ಕಿಣ್ವದಿಂದ ಕರಗಿಸಿ, ಕಡೆಯಲ್ಲಿ ಆಲ್ಕೊಹಾಲ್ ಹನಿಹನಿಯಾಗಿ ಬಿಡುತ್ತ ಕಲಕಿದರೆ, ಗಾಜಿನ ಕಡ್ಡಿಗೆ ಬಿಳಿ ನೂಲಿನಂಥ ಎಳೆಗಳು ಸುತ್ತಿಕೊಳ್ಳುತ್ತಿದ್ದವು. 75 ಲೀಟರಿಗೆ ಸಿಗುತ್ತಿದ್ದುದು 10ರಿಂದ 25 ಮಿಲಿಗ್ರಾಂ. ಆದರೆ ಅದರ ಶಕ್ತಿ ಎಂಥದ್ದೆಂದರೆ, ಅರವತ್ತು ಕೋಟಿ ಭಾಗ ದ್ರವದಲ್ಲಿ ಒಂದು ಭಾಗ ಇದ್ದರೂ ಕೋಟಿಲ್ಲದ ಬ್ಯಾಕ್ಟೀರಿಯಾಕ್ಕೆ ಕೋಟು ತೊಡಿಸುತ್ತಿತ್ತು.

ಆ ಎಳೆಗಳು ಡಿಎನ್‌ಎ. ಪ್ರೋಟೀನು ಒಡೆಯುವ ಕಿಣ್ವಗಳನ್ನು ಹಾಕಿದರು, ಶಕ್ತಿ ಹಾಗೇ ಉಳಿಯಿತು. ಆರ್‌ಎನ್‌ಎ ಒಡೆಯುವ ಕಿಣ್ವ ಹಾಕಿದರು, ಆಗಲೂ ಉಳಿಯಿತು. ಡಿಎನ್‌ಎ ಒಡೆಯುವ ಕಿಣ್ವವಿರುವ ಸತ್ವಗಳನ್ನು ಹಾಕಿದಾಗ ಮಾತ್ರ ಶಕ್ತಿ ಇಲ್ಲವಾಯಿತು.

ಇದು ಏಕೆ ಅಷ್ಟು ಅಚ್ಚರಿಯ ಮಾತು? ಅದೇ ರಾಕ್‌ಫೆಲ್ಲರ್ ಸಂಸ್ಥೆಯ ಫೀಬಸ್ ಲೆವೀನ್, ಡಿಎನ್‌ಎ ಎಂದರೆ ನಾಲ್ಕು ಘಟಕಗಳು ಒಂದೇ ಕ್ರಮದಲ್ಲಿ ಮರುಕಳಿಸುವ ಅಣು ಎಂಬ ಚಿತ್ರ ಕೊಟ್ಟಿದ್ದರು. ಅದೇ ನಾಲ್ಕಕ್ಷರವನ್ನು ಮತ್ತೆ ಮತ್ತೆ ಬರೆದರೆ ಅದರಲ್ಲಿ ಏನು ಕಥೆ ಹೇಳಲು ಸಾಧ್ಯ? ಹಾಗಾಗಿ ವಂಶವಾಹಿಗಳು ಇಪ್ಪತ್ತು ಬಗೆಯ ಘಟಕಗಳಿರುವ ಪ್ರೋಟೀನಿನಿಂದಲೇ ಆಗಿರಬೇಕು ಎಂಬುದು ಹೆಚ್ಚಿನವರ ನಂಬಿಕೆ.

ರಾಯ್ ಆ ಹೊತ್ತಿಗೆ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಪ್ರಾಧ್ಯಾಪಕ. ನಿವೃತ್ತಿಯಾದ ಅಣ್ಣ ತಮ್ಮೂರಿಗೆ ಬಂದು ನೆಲಸಲಿ ಎಂದು ಕಾಯುತ್ತಿದ್ದರು. 1943ರ ಮೇ ತಿಂಗಳಲ್ಲಿ ಪತ್ರಗಳ ಗೊಡವೆಗೇ ಹೋಗದ ಅಣ್ಣನಿಂದ ಪುಟಗಟ್ಟಲೆ ಪತ್ರ ಬಂತು. ಇನ್ನೂ ಏಕೆ ಬರಲಾಗುತ್ತಿಲ್ಲ ಎಂಬುದಕ್ಕೆ ವಿವರಣೆ ಅದು. ಕೈಗೆ ಸಿಕ್ಕಿರುವ ವಸ್ತು ಡಿಎನ್‌ಎ ಇರಬೇಕೆಂದೂ, ಅದು ವಂಶವಾಹಿಯಂತೆಯೇ ವರ್ತಿಸುತ್ತಿದೆಯೆಂದೂ, ಆದರೆ ಪೂರ್ತಿ ಖಚಿತವಾಗುವವರೆಗೆ ಬಾಯಿಬಿಡಬಾರದೆಂದೂ ಅದರಲ್ಲಿ ತಿಳಿಸಿದ್ದರು.

ಪ್ರಬಂಧ ಹೊರಬಂದದ್ದು 1944ರ ಫೆಬ್ರುವರಿ 1ರಂದು, ಜರ್ನಲ್ ಆಫ್ ಎಕ್ಸ್‌ಪೆರಿಮೆಂಟಲ್ ಮೆಡಿಸಿನ್‌ನಲ್ಲಿ. ತಮ್ಮನಿಗೆ ಬರೆದ ಪತ್ರದಲ್ಲಿದ್ದ ಉತ್ಸಾಹ ಅಲ್ಲಿಲ್ಲ. ವಂಶವಾಹಿ ಎಂಬ ಮಾತು ಬೇರೆಯವರ ಅಭಿಪ್ರಾಯವೆಂಬಂತೆ ಕೊನೆಯಲ್ಲಿ ಸುಳಿದುಹೋಗುತ್ತದೆ. ಶೀರ್ಷಿಕೆ ಓದಿದವರಿಗೆ ನ್ಯುಮೋಕಾಕಸ್ ವಿಧಗಳ ಬಗ್ಗೆ ಏನೋ ತಾಂತ್ರಿಕ ಲೇಖನ ಎನಿಸುತ್ತದೆ. ತಳಿವಿಜ್ಞಾನಿಗಳು ಅಷ್ಟಾಗಿ ಓದದ ವೈದ್ಯಕೀಯ ಪತ್ರಿಕೆ, ಮೇಲೆ ಎರಡನೇ ಮಹಾಯುದ್ಧ. ಲೇಖಕ ಊರೂರು ತಿರುಗಿ ಉಪನ್ಯಾಸ ಕೊಡುವವರೂ ಅಲ್ಲ. ಒಳ್ಳೆಯ ಸಂಶೋಧನೆ ತಾನಾಗಿಯೇ ತಲುಪುತ್ತದೆ ಎಂಬ ಮಾತನ್ನು ನಾನು ಪೂರ್ತಿ ನಂಬದಿರುವುದಕ್ಕೆ ಈ ಪ್ರಬಂಧವೂ ಒಂದು ಕಾರಣ.

ಹಾಗೆಂದು ಯಾರೂ ಗಮನಿಸಲಿಲ್ಲ ಎನ್ನುವುದು ಇನ್ನೊಂದು ತುದಿಯ ಉತ್ಪ್ರೇಕ್ಷೆ. ಇದನ್ನು ಓದಿ ಅರ್ವಿನ್ ಚಾರ್ಗಾಫ್ ತಮ್ಮ ಪ್ರಯೋಗಾಲಯದ ದಾರಿಯನ್ನೇ ಡಿಎನ್‌ಎ ಕಡೆ ತಿರುಗಿಸಿದರು. ನಾಲ್ಕು ಘಟಕಗಳು ಸಮಪ್ರಮಾಣದಲ್ಲಿಲ್ಲ ಎಂದು ಅವರು ತೋರಿಸಿದ್ದು ಮುಂದೆ ವಾಟ್ಸನ್-ಕ್ರಿಕ್‌ಗೆ ಒದಗಿಬಂತು. ಯುವಕ ಜೋಶುವಾ ಲೆಡರ್‌ಬರ್ಗ್ 1945ರಲ್ಲಿ ಇದನ್ನು ಓದಿ ಬ್ಯಾಕ್ಟೀರಿಯಾಗಳ ತಳಿವಿಜ್ಞಾನಕ್ಕೆ ಇಳಿದರು. ಆದರೆ ರಾಕ್‌ಫೆಲ್ಲರ್‌ನಲ್ಲೇ ಇದ್ದ ಆಲ್‌ಫ್ರೆಡ್ ಮಿರ್ಸ್‌ಕಿ ಮಾತ್ರ ಪಟ್ಟು ಬಿಡಲಿಲ್ಲ. ಶುದ್ಧ ಎನ್ನುವ ಮಾದರಿಯಲ್ಲೂ ಒಂದೆರಡು ಶೇಕಡಾ ಪ್ರೋಟೀನು ಅಡಗಿರಬಹುದು, ಕೆಲಸ ಮಾಡುವುದು ಅದೇ ಇರಬಹುದು ಎಂದು ವರ್ಷಗಟ್ಟಲೆ ವಾದಿಸಿದರು. ಅವರ ಮಾತಿಗೆ ತೂಕವಿತ್ತು. ಮೆಕಾರ್ಟಿ 1946ರಲ್ಲಿ ಶುದ್ಧೀಕರಿಸಿದ ಡಿಎನ್‌ಎ ಕಿಣ್ವದಿಂದ ಪ್ರಯೋಗವನ್ನು ಇನ್ನಷ್ಟು ಗಟ್ಟಿಮಾಡಿದರೂ ಅನುಮಾನ ಪೂರ್ತಿ ಕರಗಲಿಲ್ಲ. 1952ರಲ್ಲಿ ಹರ್ಷಿ ಮತ್ತು ಚೇಸ್ ವೈರಸ್‌ಗಳ ಮೇಲೆ ನಡೆಸಿದ ಪ್ರಯೋಗ ಬಂದ ಮೇಲೆ ಹೆಚ್ಚಿನವರು ಒಪ್ಪಿದರು. ಅದರಲ್ಲಿ ಉಳಿದಿದ್ದ ಪ್ರೋಟೀನು ಏವರಿಯ ಮಾದರಿಗಿಂತ ಹೆಚ್ಚು ಎನ್ನುವುದು ತಮಾಷೆ.

ಏವರಿಗೆ 1945ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾಪ್ಲೆ ಪದಕ, 1947ರಲ್ಲಿ ಲಾಸ್ಕರ್ ಪ್ರಶಸ್ತಿ ದೊರೆತವು. ಪದಕ ತೆಗೆದುಕೊಳ್ಳಲು ಅವರು ಲಂಡನ್ನಿಗೆ ಹೋಗಲಿಲ್ಲ. ನೊಬೆಲ್‌ಗೆ ಹಲವು ಬಾರಿ ಹೆಸರು ಸೂಚಿತವಾಯಿತು. ಡಿಎನ್‌ಎ ಇದನ್ನು ಹೇಗೆ ಮಾಡುತ್ತದೆ ಎಂಬುದು ಇನ್ನಷ್ಟು ತಿಳಿಯಲಿ, ಕಾಯೋಣ ಎಂದಿತು ಸಮಿತಿ. ಕಾಯುತ್ತಿದ್ದಂತೆ ಕಾಲ ಮೀರಿತು. ಮುಂದೆ ನೊಬೆಲ್ ಪ್ರತಿಷ್ಠಾನದ ಅಧಿಕೃತ ಚರಿತ್ರೆಯಲ್ಲೇ ಇದು ವಿಷಾದದ ಸಂಗತಿ ಎಂದು ಬರೆದುಕೊಂಡರು. ನನಗೆ ಇದು ಆ ಸಮಿತಿಯ ದೊಡ್ಡ ಎಡವಟ್ಟುಗಳಲ್ಲಿ ಒಂದು ಎನಿಸುತ್ತದೆ. ಏವರಿ ಇದರ ಬಗ್ಗೆ ಎಲ್ಲೂ ದೂರಿಕೊಂಡವರಲ್ಲ.

1948ರಲ್ಲಿ ಅವರು ಕೊನೆಗೂ ನ್ಯೂಯಾರ್ಕ್ ಬಿಟ್ಟು ನ್ಯಾಶ್‌ವಿಲ್‌ಗೆ, ತಮ್ಮನ ಮನೆಯ ಹತ್ತಿರಕ್ಕೆ ಹೋದರು. ಡಿಎನ್‌ಎಯ ಜೋಡಿಸುರುಳಿಯ ರಚನೆ 1953ರಲ್ಲಿ ಪ್ರಕಟವಾದಾಗ ಅವರು ಬದುಕಿದ್ದರು. 1955ರ ಫೆಬ್ರುವರಿ 20ರಂದು, ಯಕೃತ್ತಿನ ಕ್ಯಾನ್ಸರಿನಿಂದ ತೀರಿಕೊಂಡರು. ಹತ್ತು ವರ್ಷದ ನಂತರ, 1965ರಲ್ಲಿ, ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಆವರಣದಲ್ಲಿ ಅವರ ಹೆಸರಿನ ಒಂದು ಕಲ್ಲಿನ ಹೆಬ್ಬಾಗಿಲನ್ನು ನಿಲ್ಲಿಸಲಾಯಿತು.